ಯಾಸ್ಕಿನ್ ಬೇರೆ, ಕಲ್ಕಿ ಬೇರೆ
‘ಕಲ್ಕಿ 2898 ಎಡಿ’ಯ ಯಾಸ್ಕಿನ್, ‘ಯುಐ’ನ ಕಲ್ಕಿ ಇಬ್ಬರೂ ಒಬ್ಬನೇ ವಿಲನ್ ಅಂತ ವಾದಿಸುವ ಫ್ಯಾನ್‌ಗಳಿದ್ದಾರೆ. ವಾದದಲ್ಲಿ ಹುರುಳಿಲ್ಲದೇ ಇಲ್ಲ. ಎರಡೂ 2024ರ ಸಿನಿಮಾಗಳು. ಎರಡರಲ್ಲೂ ಹಾಳಾದ ನಾಳೆ, ಹಸಿದ ಜನ, ಒಬ್ಬ ಸರ್ವಾಧಿಕಾರಿ.

ಆದ್ರೂ ಅವರಿಬ್ಬರು ಒಂದಲ್ಲ. ನಾಗ್ ಅಶ್ವಿನ್ ಚಿತ್ರದಲ್ಲಿ ಕಮಲ್ ಹಾಸನ್‌ರ ಯಾಸ್ಕಿನ್ ಕಾಶಿಯ ಮೇಲಿನ ಕಾಂಪ್ಲೆಕ್ಸ್‌ನಲ್ಲಿ ಕೂತಿರುತ್ತಾನೆ. ಕೆಳಗಿನ ಜನ ಅವನಿಗೆ ಲೆಕ್ಕಕ್ಕೇ ಇಲ್ಲ. ಹಾಗಾಗಿ ಶಂಬಲದವರು ಹುಟ್ಟಲಿರುವ ಕಲ್ಕಿಗೆ ಕಾಯುತ್ತಾರೆ. ಉಪೇಂದ್ರ ಅದೇ ಹೆಸರನ್ನು ಗದ್ದುಗೆ ಮೇಲೆ ಕೂರಿಸಿದ್ದಾರೆ. ಸತ್ಯ ಮತ್ತು ಕಲ್ಕಿ ಎರಡೂ ಪಾತ್ರ ಅವರದೇ, ಮುಖವೂ ಒಂದೇ. ಯುಐ ಅಂದರೆ ನೀನು, ನಾನು ಅಂತ ಓದಿಕೊಂಡರೆ, ಇವನನ್ನು ಬೆಳೆಸಿದವರು ನಾವೇ.

ವ್ಯತ್ಯಾಸ ಇರುವುದು ಇಲ್ಲೇ, ಇದು ರಾಜಕೀಯದ್ದು. ಯಾಸ್ಕಿನ್‌ನನ್ನು ಬೀಳಿಸೋಕೆ ಅವತಾರ ಸಾಕು. ಕಲ್ಕಿಯನ್ನು ಬೀಳಿಸಬೇಕಾದರೆ ಅವತಾರಕ್ಕೆ ಕಾಯುವ ಚಟ ಬಿಡಬೇಕು.

ನಮಗೆ ಆ ಚಟ ಜೋರು. ಪಾಲಿಕೆ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ರಾಜಾಜಿನಗರ, ವಿಜಯನಗರ, ಕೆಂಗೇರಿಗೆ ಕಾರ್ಪೊರೇಟರೇ ಇರಲಿಲ್ಲ. ಚರಂಡಿ ಕಟ್ಟಿದರೆ ಕೇಳೋಕೆ ಚುನಾಯಿತ ಮನುಷ್ಯನಿಲ್ಲ. ಆಗಲೂ ನಾವು ಜಗಳ ಆಡಿದ್ದು ದೊಡ್ಡ ನಾಯಕರ ಬಗ್ಗೆ. ವಾರ್ಡ್ ಎಲೆಕ್ಷನ್ ಬಗ್ಗೆ ಅಲ್ಲ.

ಯಾಸ್ಕಿನ್‌ನನ್ನು ಗುರುತಿಸೋದು ಸುಲಭ, ಅವನು ಮೇಲಿರುತ್ತಾನೆ. ಕಲ್ಕಿ ನಮ್ಮ ಚಪ್ಪಾಳೆಯಲ್ಲಿ ಇರುತ್ತಾನೆ.