ತಟ್ಟೆಯಲ್ಲಿ ಸತ್ತ ಕೋಶ, ತಲೆಬರಹದಲ್ಲಿ ವಾಸಿಯಾದ ರೋಗ

ನೇಸರಗಿಯಲ್ಲಿ ನಮ್ಮ ಓಣಿಯ ಕಾಕಾ ಒಬ್ಬರಿಗೆ ಮೆದುಳಿನಲ್ಲಿ ಗಡ್ಡೆ. ಡಾಕ್ಟರು ಫೈಲಿನಲ್ಲಿ ಬರೆದ ಹೆಸರು ಗ್ಲಯೋಬ್ಲಾಸ್ಟೋಮಾ. ಆಪರೇಷನ್ ಆಯಿತು, ಆರು ವಾರ ಕರೆಂಟ್ ಕೊಡಿಸಿದ್ದೂ ಆಯಿತು. ಆಮೇಲೆ ತಿಂಗಳಿಗೆ ಐದು ದಿನ ನುಂಗಬೇಕಾದ ಟೆಮೊಝೋಲೊಮೈಡ್ ಗುಳಿಗೆ. ಎರಡನೇ ತಿಂಗಳಿಗೇ ಕಾಕಾ ಅದನ್ನು ಬಿಟ್ಟರು. ಯಾಕೆಂದು ಕೇಳಿದರೆ ಒಂದು ಪೇಪರ್ ಕಟಿಂಗ್ ತೆಗೆದು ತೋರಿಸಿದರು. "ಅರಿಶಿಣದಾಗ ಐತಂತಲ್ಲೋ ತಮ್ಮಾ ಔಷಧ. ಈ ಗುಳಿಗಿ ತಗೊಂಡ್ರ ಬರೇ ವಾಂತಿ."

ಆ ಸುದ್ದಿಯನ್ನು ಕನ್ನಡಕ್ಕೆ ಇಳಿಸಿದವನು ನಾನೇ. ಪದವಿ ಮುಗಿಸಿ ಒಂದು ಪತ್ರಿಕೆಯ ಡೆಸ್ಕಿನಲ್ಲಿ ತರಬೇತಿಗೆ ಇದ್ದಾಗ, ಇಂಗ್ಲಿಷಿನಲ್ಲಿ ಬಂದ ಪ್ರಕಟಣೆಯನ್ನು ಅರ್ಧ ಗಂಟೆಯಲ್ಲಿ ಮುಗಿಸಿ, 'ಮೆದುಳಿನ ಕ್ಯಾನ್ಸರ್‌ಗೆ ಅರಿಶಿಣ ರಾಮಬಾಣ' ಎಂದು ತಲೆಬರಹ ಕೊಟ್ಟಿದ್ದೆ. ಹೆಸರು ಹಾಕಿರಲಿಲ್ಲ, ಹಾಗಾಗಿ ಕಾಕಾಗೆ ಗೊತ್ತಿಲ್ಲ. ಹೇಳುವ ಧೈರ್ಯ ಆ ದಿನ ನನಗೂ ಬರಲಿಲ್ಲ.

ಮೂಲ ಸಂಗತಿ ಸುಳ್ಳಲ್ಲ. ಕೆಟ್ಟುಹೋದ ಕೋಶ ತನ್ನನ್ನು ತಾನೇ ಕೊಂದುಕೊಳ್ಳುವ ಏರ್ಪಾಡು ದೇಹದಲ್ಲೇ ಇದೆ. 1972ರಲ್ಲಿ ಅದಕ್ಕೆ ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಕ್ಯಾನ್ಸರ್ ಕೋಶಗಳು ಈ ಏರ್ಪಾಡನ್ನು ಬಂದ್ ಮಾಡಿಕೊಂಡಿರುತ್ತವೆ. ಅರಿಶಿಣದ ಕರ್ಕ್ಯುಮಿನ್ ಅದನ್ನು ಮತ್ತೆ ಚಾಲೂ ಮಾಡುವುದನ್ನು ಪ್ರಯೋಗಾಲಯಗಳಲ್ಲಿ ನೋಡಿದ್ದಾರೆ. ಆದರೆ ನೋಡಿದ್ದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ. ತಟ್ಟೆಗೆ ಸೋಪಿನ ನೀರು ಸುರಿದರೂ ಕೋಶ ಸಾಯುತ್ತದೆ.

ತಲೆಯೊಳಗಿನ ಗಡ್ಡೆಯ ತನಕ ಹೋಗುವ ದಾರಿ ಬೇರೆಯೇ. ಒಣ ಅರಿಶಿಣದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರಷ್ಟು. ಮನುಷ್ಯರಿಗೆ ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದಾಗಲೂ ರಕ್ತದಲ್ಲಿ ಸಿಕ್ಕಿದ್ದು ತೀರಾ ಅಲ್ಪ, ಏಕೆಂದರೆ ಕರುಳು ಮತ್ತು ಯಕೃತ್ತು ಅದನ್ನು ಬೇಗನೆ ಬೇರೆ ರೂಪಕ್ಕೆ ತಿರುಗಿಸಿಬಿಡುತ್ತವೆ. ಅಷ್ಟು ಕರ್ಕ್ಯುಮಿನ್ ಅಡುಗೆಮನೆಯಿಂದ ಬರಬೇಕೆಂದರೆ ದಿನಕ್ಕೆ ಪಾವು ಕಿಲೋಗಿಂತ ಹೆಚ್ಚು ಅರಿಶಿಣ ಪುಡಿ ತಿನ್ನಬೇಕು. ಗೋಕಾಕ, ರಾಯಬಾಗದ ಕಡೆ ಅರಿಶಿಣ ಬೆಳೆದು ಸಾಂಗ್ಲಿಗೆ ಒಯ್ಯುವವರೂ ಅಷ್ಟು ತಿನ್ನಲಾರರು! ರಕ್ತಕ್ಕೆ ಸೇರಿದ ಚೂರುಪಾರಿಗೂ ಮುಂದೆ ಇನ್ನೊಂದು ಕಾವಲು ಇದೆ. ಮೆದುಳಿನ ರಕ್ತನಾಳಗಳ ಗೋಡೆ ಬಹುಪಾಲು ವಸ್ತುಗಳನ್ನು ಒಳಗೇ ಬಿಡುವುದಿಲ್ಲ.

ಗಿಡದಲ್ಲಿ ಔಷಧವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ನಮ್ಮ ಅಂಗಳದ ನಿತ್ಯಪುಷ್ಪದಿಂದ ಬಂದ ವಿನ್‌ಕ್ರಿಸ್ಟಿನ್ 1963ರಿಂದ ಔಷಧವಾಗಿ ಬಳಕೆಯಲ್ಲಿದೆ, ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಇಂದಿಗೂ ಬೇಕು. ಆದರೆ ಎಲೆ ಅರೆದು ಕುಡಿಸಿ ಅದನ್ನು ಕೊಡುವುದಿಲ್ಲ. ಶುದ್ಧ ಮಾಡಿ, ನರಕ್ಕೆ ಇಂಜೆಕ್ಷನ್ ಮೂಲಕ, ಸಾಮಾನ್ಯವಾಗಿ ಒಂದು ಸಲಕ್ಕೆ 2 ಮಿಲಿಗ್ರಾಂ ದಾಟದಂತೆ ಕೊಡುತ್ತಾರೆ. ಕರ್ಕ್ಯುಮಿನ್ ಗ್ಲಯೋಬ್ಲಾಸ್ಟೋಮಾದ ವಿಷಯದಲ್ಲಿ ಆ ಹಂತಕ್ಕೆ ಬಂದಿಲ್ಲ.

ಕಾಕಾ ಬಿಟ್ಟ ಗುಳಿಗೆಯ ಲೆಕ್ಕ ಮಾತ್ರ ಮನುಷ್ಯರಲ್ಲೇ ನೋಡಿದ್ದು. 573 ರೋಗಿಗಳ ಮೇಲೆ ನಡೆದ, 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕರೆಂಟ್ ಮಾತ್ರ ಪಡೆದವರಲ್ಲಿ ಅರ್ಧದಷ್ಟು ಜನ 12.1 ತಿಂಗಳಾಚೆ ಬದುಕಿದ್ದರು. ಗುಳಿಗೆಯೂ ಸೇರಿದಾಗ ಅದು 14.6 ತಿಂಗಳಾಯಿತು. ಎರಡೂವರೆ ತಿಂಗಳು ಅಷ್ಟೇನಾ ಎಂದು ಡೆಸ್ಕಿನಲ್ಲಿ ಕೂತವರಿಗೆ ಅನ್ನಿಸಬಹುದು. ಮಗಳ ಮದುವೆ ಗೊತ್ತುಮಾಡಿಟ್ಟ ಮನೆಯಲ್ಲಿ ಹಾಗೆ ಅನ್ನಿಸುವುದಿಲ್ಲ.

ಕ್ಯಾನ್ಸರ್ ವಾಸಿ ಮಾಡುತ್ತೇವೆಂದು ಔಷಧದ ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರ ಅಪರಾಧ. ಅದೇ ಮಾತನ್ನು ನಾವು ಸುದ್ದಿ ಎಂದು ಬರೆದರೆ ಯಾರೂ ಕೇಳುವುದಿಲ್ಲ. ಈ ಬ್ಲಾಗಿನ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ: ಇಂಥ ಸುದ್ದಿಯ ಮೊದಲ ಸಾಲಿನಲ್ಲೇ 'ತಟ್ಟೆಯಲ್ಲಿ', 'ಇಲಿಯಲ್ಲಿ' ಅಥವಾ 'ಮನುಷ್ಯರಲ್ಲಿ' ಎಂದು ಬರೆಯಿರಿ. ಎಂಟನೇ ಪ್ಯಾರಾದಲ್ಲಿ ಬರೆದರೆ ಅದು ಕಟಿಂಗಿನಲ್ಲಿ ಉಳಿಯುವುದಿಲ್ಲ, ವಾಟ್ಸ್ಯಾಪಿನಲ್ಲಂತೂ ಇಲ್ಲವೇ ಇಲ್ಲ.

ಹೋದ ವಾರ ಕಾಕಾರ ಜೊತೆ ನಾನೂ ಆಸ್ಪತ್ರೆಗೆ ಹೋಗಿದ್ದೆ. ವಾಂತಿಗೆ ಬೇರೆ ಗುಳಿಗೆ ಬರೆದುಕೊಟ್ಟರು, ಬಿಟ್ಟಿದ್ದನ್ನು ಮತ್ತೆ ಶುರು ಮಾಡಿಸಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಕಟಿಂಗಿನ ವಿಷಯ ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತ ಕೂತರು.

"ಹಂಗಾರ ಇದನ್ನ ಆಗ ಯಾಕ ಬರೀಲಿಲ್ಲೋ?"