ಡಿಗ್ರಿ ಮುಗಿಸಿದ ಮಗನಿಗೆ "ಇನ್ನೊಂದು ವರ್ಷ ಓದು" ಅನ್ನೋ ಅಪ್ಪಂದಿರಿಗೆ

ಮೊನ್ನೆ ತೋಟದಲ್ಲಿ ಖೇಣಿಯವರು ಅಡಿಕೆ ಕೀಳ್ತಿದ್ರು. ಪಕ್ಕದ ತೋಟದ ಅಣ್ಣ ಬಂದು ಬದುವಿನ ಮೇಲೆ ಕೂತ. ಮಗನ ಬಿ.ಎ. ರಿಸಲ್ಟ್ ಬಂದಿದೆಯಂತೆ. ಮುಂದೇನು ಅಂದೆ. "ಧಾರವಾಡಕ್ಕೆ ಕೋಚಿಂಗಿಗೆ ಕಳಿಸ್ತೀನಿ. ಹೆಂಗೂ ಅಡಿಕೆ ದುಡ್ಡು ಬರ್ತದಲ್ಲ, ಗೌರ್ಮೆಂಟ್ ಕೆಲಸ ಸಿಗೋವರೆಗೂ ಓದ್ಲಿ" ಅಂದ. ಆಗ ನಾನು ಏನೂ ಹೇಳಲಿಲ್ಲ. ಮನೆಗೆ ಬಂದ ಮೇಲೆ, ಹೇಳ್ಬೇಕಿತ್ತು ಅನ್ನಿಸ್ತು. ಅದಕ್ಕೆ ಇಲ್ಲಿ ಬರೀತಿದ್ದೀನಿ. ಸಿಟ್ಟು ಬಂದ್ರೆ ಬರಲಿ.

ನನ್ನ ದೊಡ್ಡ ಮಗ 2019ರಲ್ಲಿ ಬಿ.ಕಾಂ. ಮುಗಿಸಿದ. ನಾನೂ ಇದೇ ಮಾತು ಹೇಳಿ ಬೆಂಗಳೂರಿಗೆ ಕಳಿಸಿದೆ. ರೂಮು, ಮೆಸ್ಸು, ಕೋಚಿಂಗ್ ಫೀಸು ಅಂತ ವರ್ಷಾ ವರ್ಷ ತೋಟದ ದುಡ್ಡು ಹೋಯ್ತು. ದುಡ್ಡು ಹೋಗ್ಲಿ ಬಿಡಿ. ಐದು ವರ್ಷ ಆದ ಮೇಲೆ ಅವನೇ ಬೇಸತ್ತು ಒಂದು ಖಾಸಗಿ ಕಂಪನಿ ಇಂಟರ್‌ವ್ಯೂಗೆ ಹೋದ. "ಇಷ್ಟು ವರ್ಷ ಏನ್ ಮಾಡ್ತಿದ್ರಿ?" ಅಂತ ಕೇಳಿದ್ರಂತೆ. ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಓದಿದವನು ಅವನು. ಅದಕ್ಕೆ ಯಾವ ಸರ್ಟಿಫಿಕೇಟೂ ಇಲ್ಲ. ಅವತ್ತು ಊರಿಗೆ ಬಂದವನು ರಾತ್ರಿ ಊಟ ಮಾಡ್ಲಿಲ್ಲ, ಹೋಗಿ ಮೋಟರ್ ಮನೆ ಹತ್ರ ಕೂತಿದ್ದ. ಕಳಿಸಿದವನು ನಾನು. ನಂಗೆ ಏನು ಹೇಳ್ಬೇಕು ಅಂತಲೇ ತೋಚಲಿಲ್ಲ.

ಚೆನ್ನಾಗಿ ಓದಿದ್ರೆ ಸಿಕ್ಕೇ ಸಿಗುತ್ತೆ ಅಂತ ನೀವು ಹೇಳ್ಬಹುದು. ಪೇಪರಿನಲ್ಲಿ ಬಂದದ್ದನ್ನೇ ನೆನಪು ಮಾಡ್ಕೊಳ್ಳಿ. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ಆಯ್ತು. ಅಕ್ರಮ ಬಯಲಿಗೆ ಬಂದು 2022ರ ಏಪ್ರಿಲ್‌ನಲ್ಲಿ ರದ್ದಾಯ್ತು. ಮರುಪರೀಕ್ಷೆ ಆಗಿದ್ದು 2024ರ ಜನವರಿ 23ಕ್ಕೆ. ಕೆಪಿಎಸ್‌ಸಿ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗೆ 2024ರ ಆಗಸ್ಟ್ 27ಕ್ಕೆ ಪ್ರಿಲಿಮ್ಸ್ ನಡೆಸ್ತು. ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಅನುವಾದದ ತಪ್ಪು ಅಂತ ಡಿಸೆಂಬರ್ 29ಕ್ಕೆ ಮತ್ತೆ ಬರೆಸಿದ್ರು, ಅದರಲ್ಲೂ ತಪ್ಪು ಅಂತ ಹುಡುಗ್ರು ಬೀದಿಗೆ ಬಂದ್ರು. ಇದರಲ್ಲಿ ಓದಿದ ಹುಡುಗನ ತಪ್ಪು ಎಲ್ಲಿದೆ? ಅವನ ಕೈಯಲ್ಲಿ ಇಲ್ಲದ ತಾರೀಖಿಗೆ ಅವನ ಪ್ರಾಯ ಯಾಕೆ ಅಡ ಇಡ್ತೀರಿ?

ಈಗ ಜಗಳೂರಿನ ಕಡೆ ನೋಡಿ. ನನ್ನ ತಂಗಿಯನ್ನ ಅಲ್ಲಿಗೆ ಕೊಟ್ಟಿದ್ದು. ಮಳೆ ನಂಬಿದ ಹೊಲ, ಮೆಕ್ಕೆಜೋಳ, ಒಂದಿಷ್ಟು ಈರುಳ್ಳಿ. ಅವಳ ಮಗಳೂ 2019ರಲ್ಲೇ ಬಿ.ಕಾಂ. ಮುಗಿಸಿದ್ಲು. ಕೂರಿಸಿ ಓದಿಸೋಕೆ ಅವರ ಹತ್ರ ಅಡಿಕೆ ದುಡ್ಡು ಇರ್ಲಿಲ್ಲ. ಹುಡುಗಿ ದಾವಣಗೆರೆಯಲ್ಲಿ ಒಬ್ಬ ಆಡಿಟರ್ ಹತ್ರ 8 ಸಾವಿರಕ್ಕೆ ಸೇರಿದ್ಲು. ನಾನೇ ನಕ್ಕಿದ್ದೆ, ನಮ್ಮ ಕೂಲಿಯವರು ಇದಕ್ಕಿಂತ ಜಾಸ್ತಿ ದುಡೀತಾರೆ ಅಂತ. ಅವಳು ಅಲ್ಲೇ ಟ್ಯಾಲಿ ಕಲಿತ್ಲು, ಜಿಎಸ್‌ಟಿ ರಿಟರ್ನ್ ಹಾಕೋದು ಕಲಿತ್ಲು. ಈಗ 32 ಸಾವಿರ ತಗೋತಾಳೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ನಮಗೆ ಚಾನಲ್ ನೀರು, ಬೋರು, ತೋಟ ಎಲ್ಲಾ ಇದೆ. ಆ ಅನುಕೂಲವೇ ನಮ್ಮ ಹುಡುಗ್ರನ್ನ ಕೂರಿಸಿಬಿಡ್ತು.

ಅಡಿಕೆ ಸಸಿ ಇಟ್ಟು ಫಸಲು ಬರೋಕೆ ಐದಾರು ವರ್ಷ. ಅಲ್ಲಿವರೆಗೂ ನಾವ್ಯಾರಾದ್ರೂ ನೆಲ ಖಾಲಿ ಬಿಡ್ತೀವಾ? ಬಾಳೆ ಹಾಕ್ತೀವಿ. ಬಾಳೆ ಗೊನೆ ಮಾರಿ ಗೊಬ್ಬರ ತರ್ತೀವಿ. ಮಗನ ವಿಷಯಕ್ಕೆ ಮಾತ್ರ ಈ ಬುದ್ಧಿ ಎಲ್ಲಿ ಹೋಗುತ್ತೆ? ಪರೀಕ್ಷೆ ಬರೀಲಿ, ಬೇಡ ಅನ್ನಲ್ಲ. ಆರು ತಿಂಗಳು ಕೂತು ಓದ್ಲಿ, ಆಮೇಲೆ ಯಾವುದಾದ್ರೂ ಕೆಲಸ ಹಿಡಿದು ಬೆಳಿಗ್ಗೆ ಸಂಜೆ ಓದ್ಲಿ.

ಯುವನಿಧಿ ಬರುತ್ತಲ್ಲ ಅಂತ ಇನ್ನು ಕೆಲವರು. 2024ರ ಜನವರಿ 12ಕ್ಕೆ ನಮ್ಮ ಪಕ್ಕದ ಶಿವಮೊಗ್ಗದಲ್ಲೇ ಶುರು ಮಾಡಿದ್ದು. ಡಿಗ್ರಿಯವರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500, ಹೆಚ್ಚೆಂದರೆ ಎರಡು ವರ್ಷ. ಕೆಲಸ ಸಿಕ್ಕರೆ ನಿಲ್ಲುತ್ತೆ. ಪಾಸಾಗಿ 180 ದಿನ ಕೆಲಸ ಸಿಗದವರಿಗೆ ಅದು ಆಸರೆ, ತಗೊಳ್ಳಲಿ. ಆದ್ರೆ ಅದು ನಿಂತು ಹೋಗುತ್ತೆ ಅಂತ 14 ಸಾವಿರದ ಕೆಲಸ ಬಿಟ್ಟ ಹುಡುಗನನ್ನ ನಾನೇ ಕಂಡಿದ್ದೀನಿ.

ಕೆಲಸಕ್ಕೆ ಸೇರೋ ಹುಡುಗ್ರಿಗೂ ಎರಡು ಮಾತು. ಕೆಲಸ ಕೊಡಿಸ್ತೀನಿ ಅಂತ ಮೊದಲೇ ದುಡ್ಡು ಕೇಳಿದ್ರೆ ಎದ್ದು ಬನ್ನಿ, ಅದು ಮೋಸ. ಮಾರ್ಕ್ಸ್ ಕಾರ್ಡಿನ ಒರಿಜಿನಲ್ ತೋರಿಸಿ, ಕೊಟ್ಟು ಬರಬೇಡಿ. ನೇಮಕಾತಿ ಪತ್ರ ಕೈಗೆ ಬರಲಿ. ಸಂಬಳ 20 ಸಾವಿರ ಅಂದ್ರೆ ಕೈಗೆ ಎಷ್ಟು ಅಂತ ನಾಚಿಕೆ ಬಿಟ್ಟು ಕೇಳಿ; ಅದರೊಳಗೇ ಪಿಎಫ್ ಸೇರಿಸಿ ಹೇಳಿರ್ತಾರೆ. ಪಿಎಫ್ ಕಟ್ತಾರಾದ್ರೆ ಯುಎಎನ್ ನಂಬರ್ ಇಸ್ಕೊಳ್ಳಿ. ಕೆಲಸ ಬದಲಾಯಿಸಿದ್ರೂ ಆ ನಂಬರ್ ಒಂದೇ. ಎರಡೇ ತಿಂಗಳಿಗೆ ಬೇಜಾರಾಯ್ತು ಅಂತ ಊರಿಗೆ ಬರಬೇಡಿ. ಬೆಂಗಳೂರಿನ ಮೊದಲ ಆರು ತಿಂಗಳು ಎಲ್ಲರಿಗೂ ಕಷ್ಟವೇ.

ಇನ್ನು "ಓದಿದವರು ಕೃಷಿಗೆ ವಾಪಸ್ ಬನ್ನಿ" ಅಂತ ಭಾಷಣ ಮಾಡೋರು ಇದಾರೆ. ಬರಲಿ, ಸಂತೋಷ. ಆದ್ರೆ ಬಂದವನನ್ನ ನಾವು ಹೆಂಗೆ ಇಟ್ಕೋತೀವಿ? ಗೊಬ್ಬರ ಹೊರೋಕೆ ಮಗ ಬೇಕು, ಖೇಣಿ ಮಾತಾಡೋಕೆ ಮಾತ್ರ ಅಪ್ಪನೇ. ಇಪ್ಪತ್ತೈದು ವರ್ಷದವನು ಪೆಟ್ರೋಲಿಗೆ ಕೈ ಚಾಚ್ಬೇಕು. ಹೊರಗಿನ ಗಂಡಾಳಿಗೆ ಸಂಜೆಗೆ ಕೂಲಿ ಎಣಿಸ್ತೀವಿ, ಮಗನಿಗೆ ಏನೂ ಇಲ್ಲ. ಅಂಥವನಿಗೆ ಹೆಣ್ಣು ಕೊಡಲ್ಲ ಅಂತ ಬೀಗರನ್ನ ಬೈದು ಏನು ಪ್ರಯೋಜನ? ಒಂದು ಎಕರೆ ಅವನ ಲೆಕ್ಕಕ್ಕೆ ಬಿಟ್ಟುಕೊಡಿ. ಖರ್ಚು, ಲಾಭ, ನಷ್ಟ ಎಲ್ಲ ಅವನೇ ನೋಡ್ಕೊಳ್ಳಲಿ. ಅಷ್ಟು ಬಿಟ್ಟುಕೊಡೋಕೆ ಆಗಲ್ಲ ಅಂದ್ರೆ ವಾಪಸ್ ಬಾ ಅಂತ ಕರೀಬೇಡಿ.

ನನ್ನ ದೊಡ್ಡವನು ಈಗ ಶಿವಮೊಗ್ಗದಲ್ಲಿ ಒಂದು ಗೊಬ್ಬರದ ಗೋಡೌನಿನಲ್ಲಿ ಲೆಕ್ಕ ಬರೀತಾನೆ, 16 ಸಾವಿರ. ಲೆಕ್ಕದಲ್ಲಿ ಏನಾದ್ರೂ ಸಿಕ್ಕಾಪಟ್ಟೆ ಗೋಜಲಾದ್ರೆ ಜಗಳೂರಿನ ತಂಗಿ ಮಗಳಿಗೇ ಫೋನ್ ಮಾಡ್ತಾನೆ. ಚಿಕ್ಕವನದು ಕೊನೇ ಸೆಮಿಸ್ಟರ್. ಅವನ ಹತ್ರ ಆರು ತಿಂಗಳು ಅಂತ ಮಾತಾಗಿದೆ. ಅವರಮ್ಮ ಇನ್ನೂ ಒಪ್ಪಿಲ್ಲ, "ಅಣ್ಣನಿಗೆ ಐದು ವರ್ಷ, ಇವನಿಗೆ ಆರೇ ತಿಂಗಳಾ?" ಅಂತಾಳೆ. ಪಕ್ಕದ ತೋಟದ ಅಣ್ಣನಿಗೆ ಇದನ್ನ ಯಾರಾದ್ರೂ ಓದಿ ಹೇಳಿ, ಅವನು ಫೋನಿನಲ್ಲಿ ಅಡಿಕೆ ರೇಟು ಬಿಟ್ಟು ಬೇರೇನೂ ನೋಡಲ್ಲ.