ತಕ್ಕಡಿಗೆ ಸೀಲು ಬೇಕು, ರಿಸೀವರ್‌ಗೆ ಬೇಡವಾ?

ಮಣ್ಣಿನ ತೇವ ಅಳೆಯೋ ವೈರ್‌ಲೆಸ್ ಸೆನ್ಸರ್ ಮಾರೋರು ಒಂದು ಮಾತು ಕಲ್ತಿದ್ದಾರೆ: "ನಿಮ್ಮ ಹೊಲದಲ್ಲಿ ಸಿಗ್ನಲ್ ವೀಕು, ರಿಪೀಟರ್ ತಗೊಳ್ಳಿ."

ಒಂದೇ ಕಂಬಕ್ಕೆ ಒಂದೇ ಕಂಪನಿಯ ಎರಡು ರಿಸೀವರ್ ಕಟ್ಟಿ ನೋಡಿದೆ. ಆ್ಯಪ್‌ನಲ್ಲಿ ಒಂದು ಮೈನಸ್ 98 ಡಿಬಿಎಂ, ಇನ್ನೊಂದು ಮೈನಸ್ 108. ಜಾಗ ಅದಲುಬದಲು ಮಾಡಿದ್ರೂ ಅಷ್ಟೇ. 10 ಡಿಬಿ ಅಂದ್ರೆ ಶಕ್ತಿಯಲ್ಲಿ ಹತ್ತು ಪಟ್ಟು ವ್ಯತ್ಯಾಸ! ಹಾಗಾದ್ರೆ ವೀಕು ಹೊಲವೋ, ಡಬ್ಬಿಯೋ?

ಚಿಪ್ಪು, ಫಿಲ್ಟರ್ ಪೀಸಿನಿಂದ ಪೀಸಿಗೆ ಹೆಚ್ಚುಕಮ್ಮಿ ಆಗೋದು ಸಹಜ. ಅಳೆದು ಸರಿಪಡಿಸದೆ ಮಾರೋದು ತಪ್ಪು. ಕೇಳಿದ್ರೆ, ಕ್ಯಾಲಿಬ್ರೇಷನ್‌ಗೆ ದುಬಾರಿ ಯಂತ್ರ ಬೇಕು ಅಂತಾರೆ. ಪ್ರತಿ ಪೀಸಿಗೂ ಬೇಕಿಲ್ಲ ಸ್ವಾಮಿ. ಒಂದನ್ನು ಲ್ಯಾಬಿನಲ್ಲಿ ಸರಿಯಾಗಿ ಅಳೆಸಿ ಮಾದರಿಯಾಗಿ ಇಟ್ಕೊಳ್ಳಿ. ಅದಕ್ಕೂ ಉಳಿದವಕ್ಕೂ ಕೇಬಲ್‌ನಲ್ಲಿ ಒಂದೇ ಸಿಗ್ನಲ್ ಕೊಡಿ. ಬಂದ ವ್ಯತ್ಯಾಸವನ್ನು ಆ ಪೀಸಿನ ಮೆಮೊರಿಯಲ್ಲಿ ಬರೆದ್ರೆ, ಕೂಡಿ ಕಳೆಯೋದನ್ನು ಸಾಫ್ಟ್‌ವೇರೇ ಮಾಡುತ್ತೆ. ಆಗ ರಿಪೀಟರ್ ನಿಜವಾಗ್ಲೂ ಬೇಕಾ ಅಂತ ಗೊತ್ತಾಗುತ್ತೆ.

ಮಂಡಿಯ ತಕ್ಕಡಿಗೆ ತೂಕ ಅಳತೆ ಇಲಾಖೆಯ ಸೀಲು ಕೇಳ್ತೀವಿ. ಇಲ್ಲೂ ಕೇಳಿ: "ಈ ಪೀಸಿನ ಕ್ಯಾಲಿಬ್ರೇಷನ್ ಅಂಕಿ ತೋರ್ಸಿ." ತೋರಿಸದಿದ್ರೆ ದುಡ್ಡು ಜೇಬಲ್ಲೇ ಇರಲಿ.